ಬೆಂಕಿಪೊಟ್ಟಣದ ಆಟ

ಊಟದ ಬಿಡುವು ಅರ್ಧ ಗಂಟೆ. ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ, ಮಿಕ್ಕ ಇಪ್ಪತ್ತು ನಿಮಿಷ ಆಟಕ್ಕೆ. ಆ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಆಟ. ಬೆಂಕಿಪೊಟ್ಟಣವೊಂದನ್ನು ಅರ್ಧ ತೆರೆದು ನೆಲದ ಮೇಲೆ ನೆಟ್ಟಗೆ ನಿಲ್ಲಿಸುವುದು. ಚಾವಣಿಯ ಕೆಳಗೆ ಓಡಾಡುವ ಕ್ರೇನಿನಲ್ಲಿ ಕೂತವಳು ಅಷ್ಟೆತ್ತರದಿಂದ ಕಬ್ಬಿಣದ ಕೊಕ್ಕೆ ಇಳಿಸಿ ಅದನ್ನು ಮೆಲ್ಲಗೆ ಮುಚ್ಚಬೇಕು. ಮುಚ್ಚಿದರೆ ಅವಳಿಗೆ ಬೇರೆಯವರು ಟೀ ತಂದುಕೊಡಬೇಕು, ಜಜ್ಜಿದರೆ ಎಲ್ಲರಿಗೂ ಅವಳೇ ತರಬೇಕು.

ಹನ್ನೊಂದು ವರ್ಷದಲ್ಲಿ ಕ್ರೇನಕ್ಕ ಒಂದು ಲೋಟ ಟೀಯನ್ನೂ ತಂದವಳಲ್ಲ. ಈಗ ಹದಿನೈದು ದಿನದಲ್ಲಿ ಏಳು ಪೊಟ್ಟಣ ಜಜ್ಜಿ ಹೋಗಿದ್ದವು. ಬೆಸುಗೆ ಕೆಲಸದವನಿಗೆ ಬಾಯಿಂದಲೂ ಕಿಡಿ ಹಾರಿಸುವ ಚಾಳಿ. ಅವನು ಏಳನ್ನೂ ತಂತಿಗೆ ಪೋಣಿಸಿ, ಕ್ರೇನಿನ ಏಣಿಗೆ ಹಾರ ಹಾಕಿ ಇಟ್ಟಿದ್ದ. ಅವಳು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅದನ್ನು ನೋಡಲೇಬೇಕಿತ್ತು.

ತಪ್ಪು ಅವಳ ಕೈಯದಲ್ಲ, ಬ್ರೇಕಿನದು. ಬೆಳಿಗ್ಗೆ ತಣ್ಣಗಿದ್ದಾಗ ಗಟ್ಟಿಯಾಗಿ ಹಿಡಿಯುತ್ತಿತ್ತು. ನಾಲ್ಕು ಗಂಟೆ ದುಡಿದು ಕಾದ ಮೇಲೆ ಹಿಡಿಕೆ ಬಿಟ್ಟ ಕೂಡಲೇ ನಿಲ್ಲಬೇಕಾದ ಕೊಕ್ಕೆ ತನ್ನಷ್ಟಕ್ಕೆ ಜಾರುತ್ತಿತ್ತು. ಅವಳು ಮೂರು ಸಲ ಕ್ರೇನಿನ ಪುಸ್ತಕದಲ್ಲಿ ಬರೆದಳು. ಮೂರು ಸಲವೂ ಫೋರ್ಮನ್ ಮರುದಿನ ಬೆಳಿಗ್ಗೆ ಎಂಟಕ್ಕೆ ಬಂದು, ತಣ್ಣಗಿನ ಬ್ರೇಕನ್ನು ಪರೀಕ್ಷಿಸಿ, ಕೆಳಗೆ "ಸರಿಯಿದೆ" ಎಂದು ಬರೆದು ಹೋದರು. ಮಧ್ಯಾಹ್ನ ಬಂದು ನೋಡಿ ಅಂದರೆ ಆ ಪುಣ್ಯಾತ್ಮರು ಕಿವಿಗೇ ಹಾಕಿಕೊಳ್ಳಲಿಲ್ಲ.

ಅವತ್ತು ಬಿಡುವು ಮುಗಿದ ಕೂಡಲೇ ನಾಲ್ಕು ಟನ್ನಿನ ಅಚ್ಚನ್ನು ಯಂತ್ರದ ಮೇಲೆ ಕೂರಿಸುವುದಿತ್ತು. ಎರಡು ಮೂರು ತಿಂಗಳಿಗೊಮ್ಮೆ ಬರುವ ಕೆಲಸ. ಅಚ್ಚನ್ನು ಗೇಣೆತ್ತರದಲ್ಲಿ ನಿಲ್ಲಿಸಿದಾಗ ಒಬ್ಬ ಅಡಿಗೆ ಕೈ ತೂರಿಸಿ ಎರಡು ಗೂಟ ಇಡಬೇಕು. ಆ ಒಬ್ಬ ಅವಳ ತಮ್ಮ.

"ಇವತ್ತು ಕೈ ಹಾಕಬೇಡ ಕಣೋ," ಎಂದು ಬೆಳಿಗ್ಗೆಯೇ ಹೇಳಿದ್ದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ," ಎಂದಿದ್ದ ತಮ್ಮ.

ಊರೆಲ್ಲ ನಕ್ಕಿದ್ದನ್ನು ನುಂಗಿಕೊಂಡವಳಿಗೆ ಆ ಮಾತು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ಅವನು.

ಆಟದ ಹತ್ತಿರ ಎಂದೂ ಸುಳಿಯದ ಫೋರ್ಮನ್ ಅವತ್ತು ತಾವಾಗಿಯೇ ಬಂದು ನಿಂತರು.

"ಒಂದು ಪೊಟ್ಟಣ ಮುಚ್ಚಿ ತೋರಿಸಿ, ನೋಡೋಣ. ಆಗ್ಲಿಲ್ಲ ಅಂದ್ರೆ ಇಳಿದುಬಿಡಿ. ಪಕ್ಕದ ಶೆಡ್ಡಿನ ಕ್ರೇನಿನವನು ಬಂದು ಕೂತಿದ್ದಾನೆ, ಅಚ್ಚು ಅವನೇ ಇಳಿಸ್ತಾನೆ."

ಪೊಟ್ಟಣ ಮುಚ್ಚುವುದು ಅವಳಿಗೆ ಕಷ್ಟವಿರಲಿಲ್ಲ. ಜಾರುವ ಲೆಕ್ಕ ಅಷ್ಟರಲ್ಲಿ ಸಿಕ್ಕಿಬಿಟ್ಟಿತ್ತು, ಸ್ವಲ್ಪ ಮೇಲೇ ನಿಲ್ಲಿಸಿದರೆ ಕೊಕ್ಕೆ ತಾನೇ ಜಾರಿ ಮುಚ್ಚುತ್ತಿತ್ತು. ಆದರೆ ಗೆದ್ದರೆ ಬ್ರೇಕು ಸರಿಯಿದೆ ಅಂತಾಗುತ್ತದೆ. ಸೋತರೆ ಜಾರುವುದೇ ಗೊತ್ತಿಲ್ಲದವನು ಮೇಲೆ ಹತ್ತುತ್ತಾನೆ. ಏನೇ ಆದರೂ ತಮ್ಮನ ಕೈ ಅಡಿಗೆ ಹೋಗುವುದು ತಪ್ಪುವುದಿಲ್ಲ.

"ಬರೀ ಕೊಕ್ಕೆ ಯಾರು ಬೇಕಾದ್ರೂ ಇಳಿಸ್ತಾರೆ ಸಾರ್," ಎಂದಳು. "ಮರಳು ತುಂಬಿದ ಆ ಡ್ರಮ್ಮು ಕಟ್ಟಿಸಿ. ಪೊಟ್ಟಣದ ಬದಲು ನಿಮ್ಮದೇ ಏನಾದ್ರೂ ಇಡಿ. ಗೇಣೆತ್ತರದಲ್ಲಿ ನಿಲ್ಲಿಸ್ತೀನಿ. ಅಚ್ಚು ನಿಲ್ಲಿಸೋದೂ ಅಷ್ಟೇ ಎತ್ತರದಲ್ಲಿ ತಾನೆ?"

"ಜಂಬಕ್ಕೇನೂ ಕಮ್ಮಿ ಇಲ್ಲ," ಎಂದು ಬೆಸುಗೆಯವನು ನಕ್ಕ.

ಎಲ್ಲರ ಕಣ್ಣೂ ಫೋರ್ಮನ್ ಮೇಲೆ. ಅವರು ಕೈಗಡಿಯಾರ ಬಿಚ್ಚಿ ನೆಲದ ಮೇಲಿಟ್ಟರು. ಅವಳ ತಮ್ಮ ತಲೆ ತಗ್ಗಿಸಿಕೊಂಡೇ ಡ್ರಮ್ಮಿಗೆ ಸರಪಳಿ ಬಿಗಿದ.

ಅವಳು ಹಾರವನ್ನು ದಾಟಿ ಏಣಿ ಹತ್ತಿದಳು. ಡ್ರಮ್ಮು ಎತ್ತಿ, ಗಡಿಯಾರದ ನೇರಕ್ಕೆ ತಂದು, ಇಳಿಸುತ್ತಾ ಹೋದಳು. ಮೊಳದೆತ್ತರ. ಗೇಣು. ಹಿಡಿಕೆ ಬಿಟ್ಟಳು. ಡ್ರಮ್ಮು ನಿಂತಿತು.

"ಭೇಷ್," ಎಂದರು ಫೋರ್ಮನ್. "ಬ್ರೇಕು ಕಲ್ಲು ಇದ್ದ ಹಾಗಿದೆ."

ಅವಳು ಕೆಂಪು ಗುಂಡಿ ಒತ್ತಿದಳು. ಕ್ರೇನಿನ ಕರೆಂಟು ಹೋಯಿತು, ಮೋಟಾರಿನ ಗುಂಯ್ ಸದ್ದು ಅಡಗಿತು. ಕರೆಂಟು ಇಲ್ಲದಾಗಲೂ ಭಾರ ಹಿಡಿದು ನಿಲ್ಲಿಸಬೇಕಾದದ್ದು ಬ್ರೇಕೇ. ಎರಡೂ ಕೈ ಎತ್ತಿ ಎಲ್ಲರಿಗೂ ಕಾಣುವಂತೆ ಗಾಜಿಗೆ ಒತ್ತಿ ಹಿಡಿದಳು.

ಆ ನಿಶ್ಶಬ್ದದಲ್ಲಿ ಡ್ರಮ್ಮು ಇಳಿಯತೊಡಗಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಬೆಸುಗೆಯವನ ನಗು ಅರ್ಧಕ್ಕೇ ನಿಂತಿತು. ಗೇಣು ಹೋಗಿ ಆರು ಬೆರಳಾಯಿತು, ಐದಾಯಿತು.

"ನಿಲ್ಲಿಸಿ," ಎಂದು ಫೋರ್ಮನ್ ಕೂಗಿದರು. ಅವಳು ಗಾಜಿನಿಂದ ಕೈ ತೆಗೆಯಲಿಲ್ಲ.

ಫೋರ್ಮನ್ ತಟ್ಟನೆ ಕುಕ್ಕರಗಾಲಲ್ಲಿ ಕೂತು ಡ್ರಮ್ಮಿನ ಅಡಿಗೆ ಕೈ ಹಾಕಿದರು.

ಇದು ಅವಳು ಎಣಿಸದೇ ಇದ್ದದ್ದು. ಗಡಿಯಾರ ಹೋದರೆ ಹೋಗಲಿ ಎಂದುಕೊಂಡಿದ್ದಳೇ ಹೊರತು, ಆ ಮನುಷ್ಯ ಅದಕ್ಕಾಗಿ ಕೈಯನ್ನೇ ಒಡ್ಡುತ್ತಾನೆಂದು ಕನಸಿನಲ್ಲೂ ನೆನೆದಿರಲಿಲ್ಲ. ಗುಂಡಿ ಮೇಲೆಳೆದು, ಮತ್ತೆ ಚಾಲೂ ಮಾಡಿ, ಮೋಟಾರು ಎಚ್ಚರಾಗುವುದಕ್ಕೆ ಎಷ್ಟಿಲ್ಲವೆಂದರೂ ಹತ್ತು ಎಣಿಸುವಷ್ಟು ಹೊತ್ತು ಬೇಕು. ಗುಂಡಿ ಎಳೆಯಲು ಹೋದರೆ ಬೆವರಿದ ಬೆರಳು ಜಾರಿತು. ಕೆಳಗೆ ಗಡಿಯಾರದ ಪಟ್ಟಿ ನೆಲದ ಬಿರುಕಿಗೆ ಸಿಕ್ಕಿಕೊಂಡಿತ್ತು, ಫೋರ್ಮನ್ ಬಿಡದೆ ಎಳೆಯುತ್ತಿದ್ದರು. ಮೂರು ಬೆರಳು. ಅವಳು ಗಾಜು ಬಡಿದು ತಮ್ಮನನ್ನು ಕೂಗಿದಳು.

ತಮ್ಮ ಓಡಿಬಂದು ಫೋರ್ಮನ್ನರ ಸೊಂಟದ ಬೆಲ್ಟಿಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಇಬ್ಬರೂ ಅಂಗಾತ ಬಿದ್ದರು. ಡ್ರಮ್ಮು ನೆಲ ಮುಟ್ಟಿತು. ದೊಡ್ಡ ಸದ್ದೇನಿಲ್ಲ, ಗಡಿಯಾರದ ಗಾಜು ಚಿಟಿಲ್ಲೆಂದಿತು, ಅಷ್ಟೇ.

ಅವಳು ಏಣಿ ಇಳಿದು ಬಂದಳು. ಫೋರ್ಮನ್ ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನನಗೆ ಎಳೆಯೋರು ಇದ್ದರು," ಎಂದರು, ಯಾರಿಗೆಂದಿಲ್ಲದೆ.

"ಇವನಿಗೆ ಇರ್ತಿರಲಿಲ್ಲ ಸಾರ್," ಎಂದಳು ಕ್ರೇನಕ್ಕ, ತಮ್ಮನ ಕಡೆ ತೋರಿಸಿ. "ನಾಲ್ಕು ಟನ್ನು ಇಷ್ಟು ನಿಧಾನಕ್ಕೂ ಇಳಿಯಲ್ಲ."

ಬಿಡುವು ಮುಗಿದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಫೋರ್ಮನ್ ಕ್ರೇನಿನ ಪುಸ್ತಕ ತರಿಸಿಕೊಂಡು, ತಮ್ಮ ಮೂರು "ಸರಿಯಿದೆ"ಗಳ ಕೆಳಗೆ "ಕ್ರೇನು ನಿಲ್ಲಿಸಲಾಗಿದೆ" ಎಂದು ಬರೆದರು. ಅದರ ಕೆಳಗೆ ರುಜು ಹಾಕಿದರು.

ಬೆಸುಗೆಯವನು ಹೋಗಿ ಏಣಿಯಿಂದ ಹಾರ ಬಿಚ್ಚಿದ. ತಮ್ಮ ಯಾರೂ ಹೇಳದೆಯೇ ಟೀ ತಂದ. ಮೊದಲ ಲೋಟ ಅಕ್ಕನ ಮುಂದೆ ಹಿಡಿದ. ಅವಳು ಲೋಟ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದಿದ್ದ ಅವನ ಐದು ಬೆರಳನ್ನೂ ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಟೀ ಚೆಲ್ಲಿ ಕೈ ಸುಡುತ್ತಿದ್ದರೂ ಇಬ್ಬರೂ ಬಿಡಲಿಲ್ಲ.