ಕುಚ್ಚು ಯಾವ ಕಡೆಗೆ

೧
ತೂಕದ ವಿಷಯವೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಒರಗಿ ಕೂತವರು ನೆಟ್ಟಗೆ ಕೂತುಕೊಳ್ಳಿ. ಘಟಿಕೋತ್ಸವದ ಚೌಕ ಟೋಪಿಗೆ ಒಂದು ಕುಚ್ಚಿರುತ್ತದೆ. ಪದವಿ ಸಿಗುವ ತನಕ ಅದು ಬಲಕ್ಕೆ ನೇತಾಡಬೇಕು, ಸಿಕ್ಕ ಮೇಲೆ ಎಡಕ್ಕೆ. ಗೇಣುದ್ದದ ದಾರ ಈ ಕಿವಿಯಿಂದ ಆ ಕಿವಿಗೆ ಹೋಗುವುದಕ್ಕೆ ಮೂರು ವರ್ಷ ಹಿಡಿಯುತ್ತದೆ. ಕೆಲವರಿಗೆ ಒಂಬತ್ತು.

ಕಥೆ ಹೀಗೆ ಶುರುವಾಗಬೇಕೇ? ಗೊತ್ತಿಲ್ಲ. ಮೊದಲ ಕರಡಿನಲ್ಲಿ ಸ್ಟುಡಿಯೋದ ಧೂಳಿನ ಮೇಲೆ ಬೀಳುವ ಬಿಸಿಲಿನಿಂದ ಶುರು ಮಾಡಿದ್ದೆ. ಧೂಳು ಚೆನ್ನಾಗಿ ಬಂದಿತ್ತು, ಬಿಸಿಲೂ ಬಂದಿತ್ತು. ಕಥೆ ಮಾತ್ರ ಬಂದಿರಲಿಲ್ಲ. ಹರಿದು ಹಾಕಿದೆ.

೨
ಪಾತ್ರಗಳು ಕಡಿಮೆ, ಹೆದರಬೇಡಿ. ವಿಶ್ವವಿದ್ಯಾಲಯದ ಎದುರಿಗೇ ಸ್ಟುಡಿಯೋ ಇಟ್ಟುಕೊಂಡಿರುವ ಫೋಟೋಗ್ರಾಫರ್. ಅದೇ ವಿಶ್ವವಿದ್ಯಾಲಯದ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್. ಇವಳು ಹಗಲು ಲಿಫ್ಟು, ಸಂಜೆ ಕ್ಲಾಸು ಅಂತ ಒಂಬತ್ತು ವರ್ಷ ಓದಿ ಈಗ ಪಾಸಾದವಳು. ಅವಳ ಅಜ್ಜಿ. ವಿಶ್ವವಿದ್ಯಾಲಯದ ಒಬ್ಬ ಗುಮಾಸ್ತರು.

ಮೆಕ್ಯಾನಿಕ್‌ಳ ಎಡ ಹುಬ್ಬನ್ನು ಒಂದು ಹಳೆಯ ಗಾಯ ಎರಡು ತುಂಡು ಮಾಡಿದೆ.

(ಆ ಗಾಯಕ್ಕೆ ನಾನು ಒಂದೂವರೆ ಪುಟದ ಹಿನ್ನೆಲೆ ಬರೆದಿದ್ದೆ: ಕುಡುಕ ಅಪ್ಪ, ಹಾರಿ ಬಂದ ತಟ್ಟೆ. ಅವಳು ಓದಿ ನೋಡಿ, "ನಮ್ಮಪ್ಪ ಟೀನೂ ಆರಿಸ್ಕೊಂಡು ಕುಡೀತಿದ್ದ ಮನುಷ್ಯ. ನಾನು ಬಾಗಿಲಿಗೆ ಗುದ್ದಿಕೊಂಡೆ, ಅಷ್ಟೆ. ನಮ್ಮಂಥೋರ ಮನೇಲೂ ಬಾಗಿಲು ಇರತ್ತೆ," ಅಂದಳು. ಒಂದೂವರೆ ಪುಟ ಹೋಯಿತು.)

೩
ಈಗ ಕಸುಬಿನ ಗುಟ್ಟು. ಭಾವಚಿತ್ರ ತೆಗೆಯುವುದು ಫಲಿತಾಂಶಕ್ಕೆ ಎರಡು ತಿಂಗಳು ಮೊದಲು, ಯಾಕೆಂದರೆ ಬಾಡಿಗೆ ಗೌನುಗಳು ಈ ಊರಿಗೆ ಬರುವುದೇ ಆ ಮೂರು ದಿನ. ನಲವತ್ತು ಜನಕ್ಕೆ ಆರು ಗೌನು. ಒಬ್ಬರ ಬೆವರು ಆರುವ ಮೊದಲು ಇನ್ನೊಬ್ಬರ ಹೆಗಲಿಗೆ. ದೊಗಳೆಯಾದರೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು. ಮುಂದಿನಿಂದ ಎಲ್ಲರೂ ಪಂಡಿತರು.

ಫಲಿತಾಂಶ ಇನ್ನೂ ಬಂದಿಲ್ಲವಾದ್ದರಿಂದ ನಿಯಮದ ಪ್ರಕಾರ ಎಲ್ಲರ ಕುಚ್ಚೂ ಬಲಕ್ಕೆ. ಆದರೆ ಪಾಸಾದವರ ಚಿತ್ರ ವಿಶ್ವವಿದ್ಯಾಲಯದ ಕಾರಿಡಾರಿನ ಗೋಡೆಗೆ ಏರುವಾಗ ಕುಚ್ಚು ಎಡಕ್ಕೆ ಇರಲೇಬೇಕು. ಅಷ್ಟರಲ್ಲಿ ಗೌನು, ಟೋಪಿ ಎಲ್ಲ ಬೇರೆ ಊರಿಗೆ ಹೋಗಿರುತ್ತವೆ. ಫೋಟೋಗ್ರಾಫರ್ ಏನು ಮಾಡುತ್ತಾರೆ? ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಳ್ಳುತ್ತದೆ. ಕುಚ್ಚು ಎಡಕ್ಕೆ ಬರುತ್ತದೆ, ಅದರ ಜೊತೆಗೆ ಮುಖವೂ.

ಅದಕ್ಕೇ ಅವರು ಹೆಸರಿನ ಬಿಲ್ಲೆ ತೆಗೆಸುವುದು, ವಾಚು ಬಿಚ್ಚಿಸುವುದು. ಎಂಟು ವರ್ಷದಲ್ಲಿ ಯಾರೂ ಯಾಕೆ ಅಂತ ಕೇಳಿಲ್ಲ. ಜನ ತಮ್ಮ ಮುಖ ನೋಡಿಕೊಳ್ಳುವುದೇ ಕನ್ನಡಿಯಲ್ಲಿ. ಈ ಸಲ ಚೆನ್ನಾಗಿ ಬಂದಿದ್ದೀನಿ ಎಂದು ಖುಷಿಯಾಗೇ ಹೋಗುತ್ತಾರೆ.

೪
ಫಲಿತಾಂಶ ಬಂದ ಮೇಲೆ ಮೊಮ್ಮಗಳು ಸ್ಟುಡಿಯೋದಿಂದ ತಂದ ಚಿತ್ರವನ್ನು ಅಜ್ಜಿ ಕನ್ನಡಕ ಮೇಲೇರಿಸಿ ನೋಡಿದರು.

"ಲಕ್ಷಣವಾಗಿದಾಳೆ. ಯಾರ ಮನೆ ಹುಡುಗಿ?"

"ಅಜ್ಜಿ, ಅದು ನಾನು."

"ನಿನ್ನ ತಲೆ ಬಾಚಿ ಬಾಚಿ ನನ್ನ ಕೈ ಸವೆದಿದೆ. ನಿನ್ನ ಬೈತಲೆ ಯಾವ ಕಡೆ ಅಂತ ನನಗೆ ಹೇಳಿಕೊಡಬೇಡ." ಆಮೇಲೆ ಚಿತ್ರದ ಹುಬ್ಬನ್ನು ಬೆರಳಿನಿಂದ ಒತ್ತಿದರು, ಮೊಮ್ಮಗಳ ಹುಬ್ಬನ್ನೂ ಒತ್ತಿದರು. "ಒಂಬತ್ತು ವರ್ಷ ಓದಿದೋಳು ನೀನು. ಗೋಡೆ ಹತ್ತೋಳು ಇವಳಾ?"

(ಇಲ್ಲಿ ಅಜ್ಜಿಯ ಕಣ್ಣಲ್ಲಿ ನೀರು ತರಿಸೋಣವೆಂದಿದ್ದೆ. ಅವರು ಒಪ್ಪಲಿಲ್ಲ.)

೫
ಮೆಕ್ಯಾನಿಕ್ ಸ್ಟುಡಿಯೋಕ್ಕೆ ಹೋಗಿ ಇನ್ನೊಂದು ಫೋಟೋ ತೆಗೆಯಿರಿ ಅಂದಳು. ಗೌನು ಬರುವುದು ಇನ್ನು ಮುಂದಿನ ವರ್ಷ, ಚಿತ್ರ ಕೊಡುವ ಕೊನೆ ದಿನ ಶುಕ್ರವಾರ ಎಂದರು ಫೋಟೋಗ್ರಾಫರ್, ಚಿತ್ರ ತಿರುಗಿಸಿದ್ದನ್ನು ಒಪ್ಪಿಕೊಂಡು. ಕಾರಿಡಾರಿನಲ್ಲಿ ಹುಬ್ಬು ನೋಡಿಕೊಂಡು ಯಾರು ಓಡಾಡುತ್ತಾರೆ ಎಂದೂ ಕೇಳಿದರು.

(ನೀವು ಕೇಳುತ್ತೀರಿ: ಕುಚ್ಚನ್ನಷ್ಟೇ ಕತ್ತರಿಸಿ ಆ ಕಡೆ ಅಂಟಿಸಬಹುದಿತ್ತಲ್ಲ? ಅದನ್ನೂ ಮಾಡಿ ನೋಡಿದರು. ಬೆಳಕು ಒಂದು ಕಡೆ, ಕುಚ್ಚಿನ ನೆರಳು ಇನ್ನೊಂದು ಕಡೆ. ಟೋಪಿಯಿಂದ ಇಲಿ ನೇತಾಡುವ ಹಾಗೆ ಕಂಡಿತು. ನನ್ನ ಪಾತ್ರಗಳೂ ನಿಮ್ಮಷ್ಟೇ ಬುದ್ಧಿವಂತರು.)

"ಹಾಗಾದ್ರೆ ತಿರುಗಿಸಲೇಬೇಡಿ. ಕುಚ್ಚು ಬಲಕ್ಕೇ ಇರಲಿ."

"ಬಲಕ್ಕಿದ್ರೆ ಫೇಲಾದೋಳು ಅಂತ ಅರ್ಥ ಕಣಮ್ಮ."

"ಏಳು ಸಲ ಫೇಲಾಗಿದೀನಿ ಸಾರ್, ಅದೂ ನಾನೇ. ಪಾಸಾಗಿದ್ದೂ ನಾನೇ. ಕನ್ನಡಿಯೊಳಗಿನೋಳು ಒಂದು ಪರೀಕ್ಷೇನೂ ಬರೆದಿಲ್ಲ."

ಫೋಟೋಗ್ರಾಫರ್ ತಿರುಗಿಸದ ಚಿತ್ರವನ್ನೇ ದೊಡ್ಡದು ಮಾಡಿ, ಚೌಕಟ್ಟು ಹಾಕಿ ಕೊಟ್ಟರು. ಉಳಿದವರಿಗೆ ಹೇಳಬೇಡಮ್ಮ ಎಂದು ಎರಡು ಸಲ ಕೇಳಿಕೊಂಡರು. (ಅವಳು ಹೇಳಲಿಲ್ಲ. ನಾನು ಹೇಳಿಬಿಟ್ಟೆ.)

೬
ಶುಕ್ರವಾರ ಗುಮಾಸ್ತರು ಚಿತ್ರವನ್ನು ಮುಟ್ಟಲೇ ಇಲ್ಲ. ಕುಚ್ಚು ಎಡಕ್ಕಿಲ್ಲದಿದ್ದರೆ ಗೋಡೆಯಲ್ಲಿ ಜಾಗ ಇಲ್ಲ, ನಿಯಮ ಫೈಲಿನಲ್ಲಿದೆ ಎಂದರು. ಪಾಸಾದವರು ಮೂವತ್ತು ಜನ. ಇಪ್ಪತ್ತೊಂಬತ್ತು ಚಿತ್ರ ಏರಿದವು. ಲಿಫ್ಟಿನ ಪಕ್ಕದ ಜಾಗ ಖಾಲಿ ಉಳಿಯಿತು.

ಕಥೆ ಇಲ್ಲಿ ನಿಂತುಬಿಟ್ಟಿತು. ಮೂರು ಕೊನೆಗಳನ್ನು ಬರೆದೆ.

ಅ. ಗುಮಾಸ್ತರ ಮನಸ್ಸು ಕರಗುತ್ತದೆ. ("ನೀವು ಆ ಮನುಷ್ಯನ್ನ ನೋಡಿಲ್ಲ ಅನಿಸತ್ತೆ." ಮೆಕ್ಯಾನಿಕ್.)

ಆ. ಕುಲಪತಿಗಳು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಅವಳು ಬಿಡಿಸುತ್ತಾಳೆ, ಅವರು ಉಪಕಾರ ಸ್ಮರಿಸುತ್ತಾರೆ. ("ನಾನು ನೋಡ್ಕೊಳ್ಳೋ ಲಿಫ್ಟು ಮಧ್ಯ ನಿಲ್ಲಲ್ಲ. ನಿಮ್ಮ ಕಥೆಗೋಸ್ಕರ ನನ್ನ ಕೆಲಸಕ್ಕೆ ಮಸಿ ಬಳೀಬೇಡಿ.")

ಇ. ಅಜ್ಜಿ ತೀರಿಕೊಳ್ಳುತ್ತಾರೆ. ("ಏನಪ್ಪ, ಕಥೆ ಮುಗಿಸೋಕೆ ಬರಲ್ಲ ಅಂತ ನನ್ನನ್ನ ಮುಗಿಸ್ತೀಯಾ? ಬೇರೆ ಕಸುಬು ಕಲಿ.")

ಮೂರನ್ನೂ ವಾಪಸ್ ತೆಗೆದುಕೊಂಡೆ. ಹಾಗಾದರೆ ಏನು ಮಾಡಲಿ ಎಂದು ಮೆಕ್ಯಾನಿಕ್‌ಳನ್ನು ಕೇಳಿದೆ. ನೀವು ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅಂದಳು.

೭
ಸೋಮವಾರ ಬೆಳಗ್ಗೆ, ಕಾರಿಡಾರಿನ ತುಂಬ ಜನ ಇರುವಾಗಲೇ, ಅವಳು ಡ್ರಿಲ್ ತಂದಳು. ಲಿಫ್ಟ್ ಮೆಕ್ಯಾನಿಕ್ ಲಿಫ್ಟಿನ ಪಕ್ಕ ಗೋಡೆ ಕೊರೆದರೆ ಯಾರು ಕೇಳುತ್ತಾರೆ? ಒಬ್ಬರು ದಾರಿ ಬಿಟ್ಟರು, ಇನ್ನೊಬ್ಬರು ಸ್ಟೂಲು ಹಿಡಿದುಕೊಂಡರು. ಬೇರೆ ಚಿತ್ರಗಳು ಒಂದೊಂದು ಮೊಳೆಯ ಮೇಲೆ ನಿಂತಿವೆ. ಅವಳದಕ್ಕೆ ನಾಲ್ಕು ಬೋಲ್ಟು, ಲಿಫ್ಟಿನ ಹಳಿಯನ್ನು ಗೋಡೆಗೆ ಬಿಗಿಯುತ್ತಾರಲ್ಲ, ಅಂಥವು.

ಗುಮಾಸ್ತರು ಬಂದು ಎಳೆದು ನೋಡಿದರು. ಕಟ್ಟಡ ವಿಭಾಗಕ್ಕೆ ಪತ್ರ ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು: ಸದರಿ ಬೋಲ್ಟುಗಳನ್ನು ಬಿಚ್ಚುವ ಸಲಕರಣೆ ವಿಭಾಗದಲ್ಲಿಲ್ಲ, ಲಿಫ್ಟ್ ಮೆಕ್ಯಾನಿಕ್ ಅವರನ್ನು ಸಂಪರ್ಕಿಸುವುದು. ಗುಮಾಸ್ತರು ಸಂಪರ್ಕಿಸಿದರು. ಅವಳು ಅರ್ಜಿ ಕೊಡಿ, ಸಮಯ ಆದಾಗ ನೋಡುತ್ತೇನೆ ಅಂದಿದ್ದಾಳೆ.

ಮುಂದೇನಾಯಿತು ಎಂದು ಕೇಳಬೇಡಿ. ಗೋಡೆ ಒಡೆಸಿದರೇ, ನಿಯಮ ತಿದ್ದಿದರೇ, ನಾನು ಬರೆಯುವುದಿಲ್ಲ; ಬರೆದರೆ ಮೆಕ್ಯಾನಿಕ್ ಬಿಡುವುದೂ ಇಲ್ಲ. ಅಜ್ಜಿ ಒಂದು ದಿನ ಲಿಫ್ಟಿನಲ್ಲಿ ಮೇಲೆ ಬಂದು, ಕನ್ನಡಕ ಏರಿಸಿ ನೋಡಿ, "ಇವಳು ನಮ್ಮೋಳು," ಎಂದು ಅದೇ ಲಿಫ್ಟಿನಲ್ಲಿ ಇಳಿದು ಹೋದರು.

ಗೋಡೆಯ ಮೇಲೆ ಇಪ್ಪತ್ತೊಂಬತ್ತು ಕುಚ್ಚು ಎಡಕ್ಕಿವೆ. ಒಂದು ಬಲಕ್ಕಿದೆ.