ಸರೋಜವ್ವನ ಹೆಸರಿದ್ದ ಕಾರ್ಡು

ನನ್ನ ಬಾಯಿ ಜೋರು ಎನ್ನುವುದು ಹಾನಗಲ್ಲಿಗೆಲ್ಲ ಗೊತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ‘ಶೀಲಕ್ಕಾ, ಹೆಸರು ತಪ್ಪಿಲ್ಲಲ್ಲ?’ ಎಂದು ಯಾರಾದರೂ ಎರಡನೇ ಸಲ ಕೇಳಿದರೆ ಮೈ ಉರಿಯುತ್ತದೆ. ಹೆಸರು ತಪ್ಪಿದ ಒಂದೇ ಒಂದು ಕಾರ್ಡು ನನ್ನ ಕೈಯಿಂದ ಹೋಗಿಲ್ಲ. ಹೋಗಿದ್ದು ಬೇರೆ, ಅದನ್ನೇ ಹೇಳುತ್ತೇನೆ.

ಸರೋಜವ್ವ ಮಗಳು ರಂಜನಾಳ ಮದುವೆ ಕಾರ್ಡು ಮಾಡಿಸಲು ಬಂದಾಗ ಒಂದು ಹಟ ಹಿಡಿದಳು. ಎಲ್ಲರೂ ಕಾರ್ಡು ಅಚ್ಚು ಹಾಕಿಸಿ ಮೇಲೆ ಪೆನ್ನಿನಲ್ಲಿ ಹೆಸರು ಬರೆಯುತ್ತಾರೆ. ಇವಳಿಗೆ ಮುನ್ನೂರ ಅರವತ್ತು ಮಂದಿಯ ಹೆಸರೂ ಕಾರ್ಡಿನಲ್ಲೇ ಅಚ್ಚಾಗಬೇಕು. ಪೆನ್ನಿನಲ್ಲಿ ಬರೆದರೆ ಕಡೆಗೆ ನೆನಪಾದವರ ಹಾಗೆ ಕಾಣುತ್ತದಂತೆ. ಪಟ್ಟಿಯ ಮೊದಲ ಹೆಸರು ಸವಣೂರಿನ ಜನ್ನತಬಿಯದು. ಹಾನಗಲ್ಲಿನ ಸಂತೆಗೆ ಎಲೆ ಮಾರಲು ಬರುತ್ತ ಬರುತ್ತ ಗೆಳತಿಯಾದವಳು, ಮೂವತ್ತು ವರ್ಷದ ಗೆಳೆತನ. ಅವಳ ಎಲೆತೋಟದ ನೆನಪಿಗೆ ಕಾರ್ಡಿನ ಅಂಚಿಗೆ ವೀಳ್ಯದೆಲೆ ಬಳ್ಳಿಯೇ ಬೇಕೆಂದು ಕೂತಳು.

ಇಂಥ ಕೆಲಸ ಮಾಡುವ ರೀತಿ ಹೀಗೆ. ಹೆಸರುಗಳ ಪಟ್ಟಿ ಒಂದು ಕಡೆ. ಬದಲಾಗದ್ದೆಲ್ಲ, ಅಂದರೆ ಬಳ್ಳಿ, ಮುಹೂರ್ತ, ಕರೆಯುವವರ ಹೆಸರು, ಒಂದೇ ಚಿತ್ರವಾಗಿ ಹಿಂದೆ. ಅದಕ್ಕೆ ಬ್ಯಾಕ್‌ಗ್ರೌಂಡ್ ಎನ್ನುತ್ತೇವೆ. ಮಷೀನು ಅದನ್ನು ಒಮ್ಮೆ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡರೆ ಮುಗಿಯಿತು, ಆಮೇಲೆ ಹೆಸರುಗಳನ್ನಷ್ಟೇ ಕೇಳುತ್ತದೆ. ನಾವು ಅಳಿಸುವ ತನಕ ಹಳೆಯ ಚಿತ್ರವನ್ನು ಬಿಡುವುದಿಲ್ಲ.

ಮಾದರಿ ಕಾರ್ಡು ತೆಗೆದು ತೋರಿಸಿದೆ. ಸರೋಜವ್ವ ಬೆಳಕಿಗೆ ಹಿಡಿದು ನೋಡಿ ನಕ್ಕಳು.

“ಶೀಲಾ, ನಿನ್ನ ಬಾಯಿ ನಂಬಂಗಿಲ್ಲ ನಾ. ಕೈ ನಂಬತೇನಿ.”

ಹತ್ತನೇ ದಿನ ಎದೆನೋವು ಬಂದು ತೀರಿಕೊಂಡಳು.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆಯ ಅಕ್ಕಿಕಾಳು ಬೀಳಲೇಬೇಕು ಎಂದು ಹಿರಿಯರು ಗೊತ್ತಾಗಿದ್ದ ಮುಹೂರ್ತವನ್ನೇ ಉಳಿಸಿಕೊಂಡರು. ಸರೋಜವ್ವನ ಗಂಡ ಉಳಿವೆಪ್ಪ ಪ್ರೆಸ್ಸಿಗೆ ಬಂದು, ಕರೆಯುವವರ ಸಾಲಿನಿಂದ ಹೆಂಡತಿಯ ಹೆಸರು ತೆಗೆದು, ಮೇಲೆ ‘ಲಿಂಗೈಕ್ಯ ಸರೋಜವ್ವನವರ ಆಶೀರ್ವಾದದಿಂದ’ ಎಂದು ಹಾಕಲು ಹೇಳಿದ. ಹಾಕಿದೆ. ಹಾಕುವಾಗ ಅತ್ತುಬಿಟ್ಟೆ ಕೂಡ. ಹೊಸ ಚಿತ್ರವನ್ನು ಹಳೆಯ ಫೈಲಿನ ಹೆಸರಿನಲ್ಲೇ ಕಳಿಸಿದೆ, ಮಷೀನಿನೊಳಗಿದ್ದ ಹಳೆಯದನ್ನು ಅಳಿಸಲು ಮರೆತೆ. ಅದು ಹೊಟ್ಟೆಯಲ್ಲಿದ್ದದ್ದನ್ನೇ ಕಕ್ಕಿತು. ನಾನು ಸ್ಕೇಲು ಇಟ್ಟುಕೊಂಡು ಮುನ್ನೂರ ಅರವತ್ತು ಹೆಸರನ್ನು ಒಂದೊಂದಾಗಿ ನೋಡಿದೆ. ಬದಲಾಗುವುದನ್ನು ನೋಡಿ ರೂಢಿಯಾದ ಕಣ್ಣು, ಬದಲಾಗದ್ದರ ಕಡೆ ಹೊರಳಲೇ ಇಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಕಾರ್ಡು ಒಯ್ದ ಮೂರನೇ ದಿನ ಉಳಿವೆಪ್ಪ ಕಾರ್ಡಿನ ಡಬ್ಬ ವಾಪಸು ತಂದಿಟ್ಟ. ಬೈಯಲಿಲ್ಲ. ಒಂದು ಕಾರ್ಡು ತೆರೆದು, ಕರೆಯುವವರ ಸಾಲಿನಲ್ಲಿ ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಅವತ್ತೇ ಎಲ್ಲವನ್ನೂ ಹೊಸದಾಗಿ ಅಚ್ಚು ಹಾಕಿದೆ. ಅಷ್ಟರಲ್ಲಿ ಹಂಚಿಹೋಗಿದ್ದ ಹನ್ನೊಂದು ಕಾರ್ಡಿನಲ್ಲಿ ಹತ್ತು ತಿರುಗಿ ಬಂದವು. ಬಾರದ್ದು ಜನ್ನತಬಿಯದು.

ನಾನೇ ಸವಣೂರಿಗೆ ಹೋದೆ. ಮನೆಗೆ ಬೀಗ. ಮಗಳ ಬಾಣಂತನಕ್ಕೆ ಎರಡು ತಿಂಗಳಿಂದ ಗೋವಾದಲ್ಲಿದ್ದಾಳೆ ಎಂದರು ಪಕ್ಕದ ಮನೆಯವರು. ಕಾರ್ಡನ್ನು ಯಾರೋ ಬಾಗಿಲ ಸಂದಿಯಿಂದ ಒಳಗೆ ತೂರಿಸಿ ಹೋಗಿದ್ದರು. ಪಕ್ಕದವರು ಕೊಟ್ಟ ನಂಬರು ಹತ್ತಲಿಲ್ಲ. ಜನ್ನತಬಿಯ ಹೊಸ ನಂಬರು ಇದ್ದದ್ದು ಸರೋಜವ್ವನ ಮೊಬೈಲಿನಲ್ಲಿ. ಅದು ಆಫ್ ಆಗಿ ಅವರ ಮನೆಯ ಕಬ್ಬಿಣದ ಟ್ರೆಜರಿ ಕಪಾಟಿನಲ್ಲಿ ಬಿದ್ದಿತ್ತು, ಮೊಬೈಲಿನ ಲಾಕು ತೆಗೆಯುವುದು ಯಾರಿಗೂ ಗೊತ್ತಿರಲಿಲ್ಲ. ಸರಿಯಾದ ಕಾರ್ಡು ನನ್ನ ಕೈಯಲ್ಲಿತ್ತು, ಅದನ್ನೂ ಸಂದಿಯಲ್ಲಿ ತೂರಿಸಬಹುದಿತ್ತು. ಗೆಳತಿ ಸತ್ತ ಸುದ್ದಿಯನ್ನು ಕಾಗದದ ಕೈಲಿ ಹೇಳಿಸಲು ಮನಸ್ಸು ಒಪ್ಪಲಿಲ್ಲ. ಬಂದ ಕೂಡಲೇ ಫೋನು ಮಾಡಿಸಿರೆಂದು ನನ್ನ ನಂಬರು ಕೊಟ್ಟು ಬಂದೆ. ಫೋನು ಬರಲೇ ಇಲ್ಲ.

ಮದುವೆಯ ದಿನ ಉಳಿವೆಪ್ಪನನ್ನು ಕೇಳಿಕೊಂಡು, ಮಂಟಪದ ಬಾಗಿಲಲ್ಲಿ ಅಕ್ಕಿಕಾಳಿನ ತಟ್ಟೆ ಹಿಡಿದು ನಿಂತೆ. ಬಂದವರಿಗೆ ಕಾಳು ಕೊಡುವುದು ನೆಪ. ಜನ್ನತಬಿ ನೇರ ಒಳಗೆ ಹೋಗಿ ಗೆಳತಿಯನ್ನು ಕೂಗಿಬಿಟ್ಟರೆ ರಂಜನಾಳ ಗತಿಯೇನು? ಹುಡುಗಿ ಬೆಳಿಗ್ಗೆಯಿಂದ ಹಲ್ಲು ಕಚ್ಚಿ ಅಳು ತಡೆದುಕೊಂಡಿದ್ದಳು.

ಮುಹೂರ್ತಕ್ಕೆ ಸ್ವಲ್ಪ ಮೊದಲು ಜನ್ನತಬಿ ಬಂದಳು. ಕಂಕುಳಲ್ಲಿ ಎಲೆಯ ಕಟ್ಟು, ಒಂದು ಕೈಯಲ್ಲಿ ಸೀರೆಯ ಚೀಲ, ಇನ್ನೊಂದರಲ್ಲಿ ಕಾರ್ಡು. ರಾತ್ರಿಯಷ್ಟೇ ಗೋವಾದಿಂದ ಬಂದದ್ದು, ಪಕ್ಕದವರನ್ನೂ ಮಾತಾಡಿಸದೆ ಹೊರಟದ್ದು, ಬಾಗಿಲು ತೆಗೆದರೆ ಕಾರ್ಡು ಕಾಲಿಗೆ ಸಿಕ್ಕಿತು, ಸರೋಜಿ ಒಂದು ತಿಂಗಳಿಂದ ಫೋನು ಆಫ್ ಮಾಡಿಟ್ಟಿದ್ದಾಳೆ, ಅದಕ್ಕೆ ಮೊದಲು ಅವಳನ್ನು ಬೈಯಬೇಕು ಎಂದು ನಗುತ್ತ ಹೇಳಿದಳು.

“ಎಲ್ಲಿ ಅದಾಳ ಆಕಿ? ಸೀರಿ ತಂದೇನಿ ಆಕಿಗೆ.”

ಬದಿಗೆ ಕರೆದೊಯ್ದು ಹೇಳಿದೆ. ತಪ್ಪು ನನ್ನದು ಎನ್ನುವುದನ್ನೂ ಹೇಳಿದೆ. ಇಷ್ಟು ದೊಡ್ಡ ಬಾಯಿಯಿಂದ ನಾಲ್ಕು ಮಾತು ಹೊರಡಲು ಅಷ್ಟು ಹೊತ್ತು ಹಿಡಿಯಿತು. ಜನ್ನತಬಿ ಗೋಡೆ ಹಿಡಿದು ಕೂತಳು. ಕಾರ್ಡು ತೆರೆದು ಆ ಸಾಲನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಮಣ್ಣಿಗೂ ಬರಲಿಲ್ಲಲ್ಲವ್ವ ನಾ.”

ಆ ಕಾರ್ಡು ಕೊಡ್ರಿ, ಸರಿಯಾದ ಕಾರ್ಡು ಕೊಡುತ್ತೇನೆ ಎಂದುಬಿಟ್ಟೆ. ಸುಡಲಿ ನನ್ನ ಬಾಯಿ. ಅವಳು ಕಾರ್ಡನ್ನು ಸೆರಗಿನೊಳಗೆ ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡಳು.

ಒಳಗೆ ಶಹನಾಯಿ ಏರಿತು. ಜನ್ನತಬಿ ಕಣ್ಣೊರೆಸಿಕೊಂಡು ಎದ್ದಳು. ಸಾವಿನ ಸುದ್ದಿ ತನಗೆ ಮೊದಲೇ ಗೊತ್ತಿತ್ತೆಂದು ರಂಜನಾ ತಿಳಿಯಲಿ, ನೀನು ತುಟಿ ಬಿಚ್ಚಬೇಡ ಎಂದು ನನಗೇ ತಾಕೀತು ಮಾಡಿದಳು. ಚೀಲವನ್ನು ನನ್ನ ಹೆಗಲಿಗೆ ಹಾಕಿ, ತಟ್ಟೆಯಿಂದ ಒಂದು ಹಿಡಿ ಅಕ್ಕಿಕಾಳು ತೆಗೆದುಕೊಂಡಳು. ಆಮೇಲೆ ಇನ್ನೊಂದು ಕೈಯನ್ನೂ ಒಡ್ಡಿದಳು.

“ಇನ್ನೊಂದ್ ಹಿಡಿ ಹಾಕವ್ವ. ಇದು ನನ್ನ ಕರದಾಕಿದು.”

ಹಾಕಿದೆ. ಚೀಲ ಹೆಗಲಲ್ಲಿ, ತಟ್ಟೆ ಕೈಯಲ್ಲಿ, ಅವಳ ಹಿಂದೆ ಒಳಗೆ ನಡೆದೆ.