ಕುಸುರೆಳ್ಳಿನ ಒಡವೆ

ಬೆಳಗಿನ ಐದಕ್ಕೆ, ಕುರ್ಲಾ ಸ್ಟೇಷನ್ನಿನ ಕಡೆಯಿಂದ ಲೋಕಲ್ ಗಾಡಿಗಳ ಸದ್ದು ದಟ್ಟವಾಗುವ ಮೊದಲೇ, ಸುಂದ್ರವ್ವ ಪರಾತವನ್ನು, ಆ ಹಿತ್ತಾಳೆಯ ಅಗಲ ತಟ್ಟೆಯನ್ನು, ಒಲೆಯ ಮೇಲೆ ಇಟ್ಟಿರುತ್ತಿದ್ದಳು. ಗ್ಯಾಸಿನ ಉರಿ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ಪರಾತದಲ್ಲಿ ಒಂದು ಹಿಡಿ ಎಳ್ಳು. ಅದರ ಮೇಲೆ ಅರ್ಧ ಚಮಚ ಸಕ್ಕರೆ ಪಾಕ ಹನಿಸಿ, ಅದು ಆರುವವರೆಗೆ ಬರಿ ಬೆರಳಿನಿಂದ ಮೆಲ್ಲಗೆ ಕೈಯಾಡಿಸಬೇಕು. ಆರಿದ ಮೇಲೆ ಮತ್ತೆ ಅರ್ಧ ಚಮಚ. ಅವಸರ ಮಾಡಿದರೆ ಎಳ್ಳು ಮುದ್ದೆಯಾಗುತ್ತದೆ, ಉರಿ ಏರಿದರೆ ಸಕ್ಕರೆ ಕೆಂಪಾಗುತ್ತದೆ. ಹೀಗೆ ದಿನಗಟ್ಟಲೆ ಕೂತರೆ ಕಾಳಿನ ಮೈಮೇಲೆ ಬಿಳಿಯ ಸಣ್ಣ ಮುಳ್ಳುಗಳು ಏಳುತ್ತವೆ. ಆಗ ಅದು ಕುಸುರೆಳ್ಳು.

ಸೊಸೆ ಸೌಮ್ಯಾ ಏಳುವ ಹೊತ್ತಿಗೆ ಪರಾತ ಅಟ್ಟಕ್ಕೆ ಏರಿ, ಅದರ ಮೇಲೆ ಹಳೆಯ ಸೀರೆಯೊಂದು ಬಿದ್ದಿರುತ್ತಿತ್ತು.

"ಅತ್ತಿ, ಏನೋ ಸ್ವೀಟ್ ವಾಸನೆ ಬರ್ತದೆ ಅಲ್ಲಾ?" ಎಂದು ಅವಳು ಒಂದು ದಿನ ಹಲ್ಲುಜ್ಜುತ್ತಲೇ ಕೇಳಿದಳು.

"ಚಹಾ ಉಕ್ಕಿತ್ತವಾ," ಎಂದಳು ಸುಂದ್ರವ್ವ.

ಈ ಬಿಲ್ಡಿಂಗಿಗೆ ಬಂದು ಇಪ್ಪತ್ತಾರು ವರ್ಷ. ಮರಾಠಿಯವರಿರಲಿ, ಬೆಳಗಾವಿ ಕಡೆಯವರಿರಲಿ, ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಕುಸುರೆಳ್ಳಿನ ಒಡವೆ ಬೇಕೆಂದರೆ ಎಲ್ಲರೂ ಬರುತ್ತಿದ್ದುದು ಸುಂದ್ರವ್ವನ ಬಾಗಿಲಿಗೇ. ಕಪ್ಪು ಸೀರೆಯ ಮೇಲೆ ಬಿಳಿ ಸಕ್ಕರೆಯ ಸರ, ಬೈತಲೆಬೊಟ್ಟು, ವಂಕಿ, ಸೊಂಟಪಟ್ಟಿ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ತಳ ಮಾಡಿಕೊಂಡು, ದಾರ, ಗೋಂದು, ಒಂದಿಷ್ಟು ಜರಿ ಕಾಗದದಲ್ಲಿ ಅವಳು ಮದುಮಗಳನ್ನೇ ಸಿಂಗರಿಸಿಬಿಡುತ್ತಿದ್ದಳು. ವಡಾಲದ ಗೋದಾಮಿನಲ್ಲಿ ಕೆಲಸಕ್ಕಿದ್ದ ಗಂಡ ಧರ್ಮಣ್ಣ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆಮೇಲೆ ಯಾರೂ ಬರಲಿಲ್ಲ. ಬೇಡ ಎಂದು ಯಾರೂ ಹೇಳಲೂ ಇಲ್ಲ. ಸುಮ್ಮನೆ, ಕೇಳಲಿಲ್ಲ.

ಹೋದ ಮೇ ತಿಂಗಳಲ್ಲಿ ಮಗ ಅನಿಲಕುಮಾರನ ಮದುವೆಯಾಯಿತು. ಸೊಸೆಗೆ ಆರತಿ ಎತ್ತಿದವಳು ಕೆಳಗಿನ ಮನೆಯ ಮಾಧುರಿ. ಸುಂದ್ರವ್ವ ಅಡುಗೆಯವರ ಹತ್ತಿರ ನಿಂತು ಹೋಳಿಗೆ ಸಾಲುತ್ತವೋ ಇಲ್ಲವೋ ಎಂದು ನೋಡಿಕೊಂಡಳು. ಈಗ ಸೌಮ್ಯಾಳ ಮೊದಲ ಸಂಕ್ರಾಂತಿ. ಹಬ್ಬ ಮುಗಿದ ಶುಕ್ರವಾರ ಇದೇ ಮನೆಯಲ್ಲಿ ಅರಿಶಿನ ಕುಂಕುಮವೆಂದು ನಿಶ್ಚಯವಾದಾಗ ಸಾಂತಾಕ್ರೂಜಿನಿಂದ ಬೀಗತಿ ಶಿವಕುಮಾರಿ ಫೋನು ಮಾಡಿದ್ದರು.

"ಒಡವಿ ಸೆಟ್ ನಾವ ತರತೀವ್ರಿ ಬೀಗರ. ದಾದರದಾಗ ಛಲೋ ಸಿಗತಾವ. ನೀವು ಯಾವುದಕ್ಕೂ ಕೈ ಹಚ್ಚಿ ತ್ರಾಸ ಮಾಡ್ಕೋಬ್ಯಾಡ್ರಿ."

ಎಷ್ಟು ಮೆತ್ತಗಿನ ಮಾತು! ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೂ "ಕೈ ಹಚ್ಚಿ" ಎಂಬಲ್ಲಿ ಸುಂದ್ರವ್ವ ನಿಂತುಬಿಟ್ಟಿದ್ದಳು. ಮಾರನೆಯ ಬೆಳಿಗ್ಗೆಯೇ ಪರಾತ ಅಟ್ಟದಿಂದ ಇಳಿದಿತ್ತು.

ಹನ್ನೊಂದು ದಿನದ ಮೇಲೆ, ಸೌಮ್ಯಾ ಕ್ಲಿನಿಕ್ಕಿನ ಕೆಲಸಕ್ಕೆ ಹೋಗಿದ್ದಾಗ, ಮಾಧುರಿ ಮೇಲೆ ಬಂದು ಒಡವೆ ಜೋಡಿಸಿಟ್ಟ ರಟ್ಟಿನ ಪೆಟ್ಟಿಗೆಯ ಮುಂದೆ ಕಣ್ಣರಳಿಸಿ ಕೂತಳು. ಹದಿನೈದು ವರ್ಷದಲ್ಲಿ ಸುಂದ್ರವ್ವನಿಂದಲೇ ಕಲಿತ ಕನ್ನಡ ಅವಳದು.

"ಕಾಕು, ಇದು ನಾ ಮಾಡಿದ್ದು ಅಂತ ಹೇಗೆ ಹೇಳಲಿ? ನಾ ತಿಳಗುಳ, ಎಳ್ಳಿನ ಉಂಡಿ, ಮಾಡಿದರೆ ಕಲ್ಲು ಆಗತೈತಿ. ನನ್ನ ಗಂಡ ಅದನ್ನ ಸುತ್ತಿಗೆ ತಗೊಂಡು ಒಡೀತಾನೆ."

"ಯಾರೂ ಕೇಳಂಗಿಲ್ಲ. ಕೇಳಿದರ ಹೂಂ ಅನ್ನು, ಸಾಕು."

"ಸೌಮ್ಯಾಗಾದರೂ ಹೇಳಿ, ಕಾಕು."

"ಬ್ಯಾಡ. ಹುಡುಗಿ ಬಾಯಿ ತಡಿಯೂದಿಲ್ಲ, ತಾಯಿಗೆ ಹೇಳತಾಳ. ಅವರು ತಗಿಸಿಬಿಟ್ಟರ?" ಎಂದು ಸುಂದ್ರವ್ವ ದನಿ ತಗ್ಗಿಸಿದಳು. "ಮತ್ತ ನಾಳೆ ಅನಿಲಗ ಒಂದು ಸಣ್ಣ ಜ್ವರ ಬರಲಿ, ಯಾರ ಕೈ ಅಂತಾರ ಹೇಳು?"

ಬೇರೆಯವರು ಅನ್ನುವುದು ಹಾಗಿರಲಿ, ಮೊದಲು ತಾನೇ ಹಾಗೆ ಅಂದುಕೊಳ್ಳುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಸರ, ವಂಕಿ ಎಲ್ಲ ಮಾಡಿದವಳು ಸಕ್ಕರೆಯ ತಾಳಿಯನ್ನು ಮಾತ್ರ ಮುಟ್ಟಿರಲಿಲ್ಲ. ಕಾಳುಗಳನ್ನೂ ಸೂಜಿಯನ್ನೂ ಮಾಧುರಿಯ ಮುಂದೆ ಸರಿಸಿದಳು. ಮಾಧುರಿ ತುಟಿ ಕಚ್ಚಿಕೊಂಡು ಪೋಣಿಸಿದಳು. ಸೊಟ್ಟಗಾಯಿತು. ಸುಂದ್ರವ್ವ ಅದನ್ನು ನೆಟ್ಟಗೆ ಮಾಡಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಮನೆ ತುಂಬಿತು. ಅನಿಲನನ್ನು ಹೊರಗೆ ಕಳಿಸಿದ್ದರು. ಸೌಮ್ಯಾ ಕಪ್ಪು ಸೀರೆಯುಟ್ಟು, ಮೈತುಂಬ ಬಿಳಿ ಒಡವೆ ತೊಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಮಾಧುರಿ ಆಂಟಿಯ ಕಾಣಿಕೆ ನೋಡಿದ್ದೇ ದಾದರದ ಸೆಟ್ಟು ಬೇಡವೆಂದುಬಿಟ್ಟಿದ್ದಳು. ಅದು ಪೆಟ್ಟಿಗೆ ಸಮೇತ ಶಿವಕುಮಾರಿಯ ಪಕ್ಕದಲ್ಲಿತ್ತು. ಬಿಲ್ಡಿಂಗಿನ ಆರೇಳು ಹೆಂಗಸರು ಮಣೆ, ಚಾಪೆಗಳ ಮೇಲೆ ಕೂತು, ಒಡವೆಗೆ ಮಿಕ್ಕಿದ ಕುಸುರೆಳ್ಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಸುಂದ್ರವ್ವ ಅಡುಗೆಮನೆಯಲ್ಲಿದ್ದಳು. ಬಾಗಿಲು ಅರ್ಧ ಮುಚ್ಚಿತ್ತು. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತ ಅವಳು ಹೊರಗಿನ ಒಂದೊಂದು ಮಾತಿಗೂ ಕಿವಿಗೊಟ್ಟಿದ್ದಳು. ಇನ್ನು ಅರ್ಧ ಗಂಟೆ. ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿದರೆ ಮುಗಿಯಿತು.

"ಯಾರ ಮಾಡ್ಯಾರವಾ ಇದನ್ನ?" ಎಂಬ ದೊಡ್ಡ ದನಿ ಕೇಳಿತು. ಅದು ನಾಗವ್ವ, ಶಿವಕುಮಾರಿಯ ಅತ್ತೆ, ಸೌಮ್ಯಾಳ ಅಜ್ಜಿ. ಎಂಬತ್ತು ದಾಟಿದ ಈ ವಿಜಯಪುರದ ಮುದುಕಿ ಗಂಡ ನೀಲಕಂಠಪ್ಪನನ್ನು ಟಿವಿಯ ಮುಂದೆ ಕೂರಿಸಿ ಬಂದಿದ್ದಳು. "ಮುಳ್ಳ ಹೆಂಗ ಎದ್ದಾವ ನೋಡ್ರಿ! ಈ ಬೆವರೂ ಊರಾಗ!"

"ಮಾಧುರಿ ಆಂಟಿ, ಅಜ್ಜಿ," ಎಂದಳು ಸೌಮ್ಯಾ ಹೆಮ್ಮೆಯಿಂದ.

"ಬಾರವಾ ಇಲ್ಲೆ, ನನ್ನ ಮುಂದ ಕೂಡು. ಉರಿ ಎಷ್ಟ ಇಟ್ಟಿದ್ದಿ?"

ಲೋಟ ಹಿಡಿದ ಸುಂದ್ರವ್ವನ ಕೈ ನಿಂತಿತು.

"ಉರಿ... ಫುಲ್ ಗ್ಯಾಸ್, ಆಜಿ," ಎಂದಳು ಮಾಧುರಿ. "ಐದು ಮಿನಿಟ್."

"ಮತ್ತ ಎಳ್ಳ? ಹುರದಿದ್ಯೋ, ಹಸೇದೋ?"

"ಕುಕ್ಕರ್‌ನಲ್ಲಿ ಹಾಕಿದೆ. ಒಂದು ಶೀಟಿ."

ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕುಕ್ಕರಿನಾಗ ಕುಸುರೆಳ್ಳ! ಅಯ್ಯ ನಮ್ಮವ್ವ, ಇದು ಗೊತ್ತಿದ್ದರ ನಾ ಜೀವನಾನ ಸುಖದಾಗ ಕಳೀತಿದ್ದೆ!" ಉಳಿದವರೂ ನಕ್ಕರು.

ಶಿವಕುಮಾರಿ ನಗಲಿಲ್ಲ. "ಅಂಗಡ್ಯಾಗಿಂದು ತಂದೀರೇನ್ರಿ? ತಂದರ ತಂದೀನಿ ಅನ್ರಿ, ಅದರಾಗೇನದ? ಹೋದ ವರ್ಷದ ಮಾಲೋ ಏನೋ. ನೀವು ಎಲ್ಲಾರಿಗೂ ತಿನ್ನಾಕೂ ಕೊಟ್ಟೀರಿ."

"ಅಂಗಡಿದು ಅಲ್ಲ, ದೇವರಾಣೆ. ಮನೆಯಲ್ಲೇ ಮಾಡಿದ್ದು."

"ಕುಕ್ಕರಿನಾಗ?"

ಈಗ ಬಿಲ್ಡಿಂಗಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೈಯಲ್ಲಿದ್ದ ಕುಸುರೆಳ್ಳನ್ನು ಮೆಲ್ಲಗೆ ತಟ್ಟೆಗೆ ಹಾಕಿದರು. ಬಾಗಿಲ ಸಂದಿಯಿಂದ ಸುಂದ್ರವ್ವನಿಗೆ ಮಾಧುರಿಯ ಕೆಂಪಾದ ಕಿವಿ ಕಾಣುತ್ತಿತ್ತು. ಒಂದೇ ಒಂದು ಸಲ ಅವಳು ಅಡುಗೆಮನೆಯತ್ತ ತಿರುಗಿದ್ದರೂ ಎಲ್ಲರಿಗೂ ತಿಳಿದುಬಿಡುತ್ತಿತ್ತು. ಮಾಧುರಿ ತಿರುಗಲಿಲ್ಲ. ನೆಲ ನೋಡುತ್ತ, ಕೊಟ್ಟ ಮಾತಿಗೆ ಕಟ್ಟುಬಿದ್ದು ಕೂತಿದ್ದಳು.

ಸುಮ್ಮನಿದ್ದರೆ ಎಲ್ಲ ಉಳಿಯುತ್ತದೆ, ಎಂದಿತು ಸುಂದ್ರವ್ವನ ಮನಸ್ಸು. ಒಡವೆ ಸೊಸೆಯ ಮೈಮೇಲೆ ಉಳಿಯುತ್ತದೆ. ಬೀಗರ ಮುಂದೆ ತನ್ನ ಮರ್ಯಾದೆ ಉಳಿಯುತ್ತದೆ. ಹೋಗುವುದು ಮಾಧುರಿಯದು ಮಾತ್ರ. ಹಾಗೆ ಅಂದುಕೊಂಡದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಲೋಟ ಕೆಳಗಿಟ್ಟು ಬಾಗಿಲು ತಳ್ಳಿದಳು.

"ನಾ ಮಾಡೀನ್ರಿ. ಆಕೀದೇನೂ ತಪ್ಪಿಲ್ಲ, ನಾನ ಹೇಳಿಸಿದ್ದು."

ಮೊದಲು ಬಾಯಿ ತೆರೆದವಳು ಸೌಮ್ಯಾ.

"ಅತ್ತಿ, ನನಗ್ಯಾಕೆ ಸುಳ್ಳು ಹೇಳಿದ್ರಿ? ನಾನು ಗ್ರೂಪಲ್ಲಿ ಫೋಟೋ ಹಾಕ್ದೆ. ಮಾಧುರಿ ಆಂಟಿಗೆ ಥ್ಯಾಂಕ್ಯೂ ಅಂತ ಬರ್ದೆ."

"ನನ್ನ ಹೆಸರ ಹೇಳಿದ್ದರ ನೀ ಹಾಕ್ಕೋತಿದ್ದೇನವಾ?"

"ಕೇಳಿದ್ರೆ ತಾನೆ ಗೊತ್ತಾಗೋದು! ನೀವು ಕೇಳಲೇ ಇಲ್ಲ." ಅವಳ ಕಣ್ಣು ತುಂಬಿತ್ತು. ಅದು ಸಿಟ್ಟೋ ದುಃಖವೋ ಸುಂದ್ರವ್ವನಿಗೆ ತಿಳಿಯಲಿಲ್ಲ.

ಶಿವಕುಮಾರಿ ದಾದರದ ಪೆಟ್ಟಿಗೆಯನ್ನು ತೊಡೆಯ ಮೇಲೆ ಎತ್ತಿಕೊಂಡರು. "ಬೀಗರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ನಿಮ್ಮ ಮನಸ್ಸು ಛಲೋ ಅದ, ನನಗ ಗೊತ್ತದ. ಆದರ ನನ್ನ ತಂಗಿ ಲಗ್ನಾಗಿ ಎಂಟ ತಿಂಗಳಿಗೆ ಆಕಿ ಗಂಡ ಹ್ವಾದ. ಅವತ್ತಿನಿಂದ ನಾ ಒಂದ ಸಣ್ಣ ಅಪಶಕುನಾನೂ ಬಿಟ್ಟಕೊಟ್ಟಿಲ್ಲ. ಇದು ಖರೇ ಅಲ್ಲ ಅಂತ ತಲಿಗೆ ತಿಳೀತದ. ಹೆದರಿಕಿಗೆ ಹೆಂಗ ತಿಳಿಸಿ ಹೇಳಲಿ?"

ಸುಂದ್ರವ್ವ ತಲೆಯಾಡಿಸಿದಳು. ಆ ಹೆದರಿಕೆಯ ಬಗ್ಗೆ ಅವಳಿಗೆ ಯಾರೂ ತಿಳಿಸಿ ಹೇಳಬೇಕಿರಲಿಲ್ಲ. "ನನಗೂ ಅದ ಹೆದರಿಕಿ ಐತ್ರಿ. ಅದಕ್ಕ ತಾಳಿ ನಾ ಮುಟ್ಟಿಲ್ಲ, ಮಾಧುರಿ ಪೋಣಿಸ್ಯಾಳ. ತಗಸ್ರಿ. ನೀವು ತಂದದ್ದ ಹಾಕ್ರಿ."

ಸೌಮ್ಯಾಳ ಕೈ ಕೊರಳ ಸರದ ಮೇಲೆ ಹೋಯಿತು. ಬಿಚ್ಚಲೂ ಇಲ್ಲ, ಬಿಡಲೂ ಇಲ್ಲ.

"ಎರಡ ಹಿಡಿ ತಿಂದೇನಿ ನಾ," ಎಂದಳು ನಾಗವ್ವ ಇದ್ದಕ್ಕಿದ್ದಂತೆ. "ನೀನೂ ತಿಂದಿ, ಶಿವಕುಮಾರಿ. ಮಧ್ಯಾಹ್ನ ಆಕಿ ಮಾಡಿದ ಮಾದಲಿ ಮ್ಯಾಲ ತುಪ್ಪಾ ಹಾಕಿಸ್ಕೊಂಡು ತಿಂದಿ. ಹೊಟ್ಟಿಗೆ ಹೋಗಾಕ ನಡೀತದ, ಕೊರಳಾಗ ಬೀಳಾಕ ನಡ್ಯಾಂಗಿಲ್ಲೇನು?"

"ಅತ್ತಿ, ನಿಮಗ ಎಲ್ಲಾದರಾಗೂ ಚ್ಯಾಷ್ಟಿ."

"ಚ್ಯಾಷ್ಟಿ ಅಲ್ಲವಾ. ಮನ್ಯಾಗ ಮುದುಕ ಇನ್ನೂ ಕೆಮ್ಮಕೋತ ಅದಾನ ಅಂತ ನನ್ನ ಈ ಮಣಿ ಮ್ಯಾಲ ಕೂಡಿಸೀರಿ. ನಾಳೆ ಅಂವಾ ಹ್ವಾದರ ನನ್ನೂ ಆ ಬಾಗಲದ ಹಿಂದ ಕಳಸ್ತಿ. ಹೌದಿಲ್ಲೋ? ಖರೇ ಹೇಳು."

ಶಿವಕುಮಾರಿ ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಜೊತೆಗಿದ್ದ ಅತ್ತೆಯ ಮುಖವನ್ನು ಮೊದಲ ಸಲ ಕಂಡವರಂತೆ ನೋಡಿದರು.

ಮುದುಕಿ ಗೋಡೆ ಹಿಡಿದು ಎದ್ದು ಬಂದು ಸುಂದ್ರವ್ವನ ಬಲಗೈ ಹಿಡಿದಳು. ಸುಂದ್ರವ್ವ ಎಳೆದುಕೊಳ್ಳಲು ನೋಡಿದಳು, ಆಗಲಿಲ್ಲ. ನಾಗವ್ವ ಆ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ತುದಿಗಳಲ್ಲಿ ಬೊಬ್ಬೆ ಎದ್ದು, ಕೆಲವು ಒಡೆದು, ಚರ್ಮ ಸುಲಿದಿತ್ತು.

"ಎಷ್ಟ ದಿನ ಕೂತಿದ್ದಿ?"

"ಹನ್ನೊಂದು."

"ನೋಡ ಶಿವಕುಮಾರಿ. ನಿನ್ನ ಮಗಳ ಸಲುವಾಗಿ ಹನ್ನೊಂದ ದಿನ ಪರಾತದಾಗ ಕೈ ಸುಟ್ಟಕೊಂಡಾಳ. ಇನ್ನ ನಿನಗ ತಿಳಿದಂಗ ಮಾಡು."

ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಶಿವಕುಮಾರಿ ಎದ್ದರು. ಪೆಟ್ಟಿಗೆ ತೆರೆಯುತ್ತಾರೆಂದು ಸುಂದ್ರವ್ವ ಕಣ್ಣು ಮುಚ್ಚಿಕೊಂಡಳು. ಸೊಸೆಯ ಮೈಮೇಲಿಂದ ಒಂದೊಂದೇ ಒಡವೆ ಇಳಿಯುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

"ಕೈ ಕೊಡ್ರಿ," ಎಂಬ ಮಾತು ತೀರ ಹತ್ತಿರದಲ್ಲಿ ಕೇಳಿತು.

ಬೀಗತಿಯ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ, ಅರಿಶಿನದ ಬಟ್ಟಲಿತ್ತು. ಕಲಸಿದ ಅರಿಶಿನವನ್ನು ಬೊಬ್ಬೆಗಳ ಮೇಲೆ ಒಂದೊಂದಾಗಿ ಸವರಿದರು.

"ಉರೀತದೇನ್ರಿ?"

"ಒಂಚೂರು."

ಔಷಧಿ ಹಚ್ಚಿದರು, ಅಷ್ಟೇ, ಎಂದುಕೊಂಡಳು ಸುಂದ್ರವ್ವ. ಅಷ್ಟಾದರೂ ಆಯಿತಲ್ಲ. ಕೈ ಬಿಡಿಸಿಕೊಂಡು ಅಡುಗೆಮನೆಯ ಕಡೆಗೆ ತಿರುಗಿದಳು. ಶಿವಕುಮಾರಿ ಕೈ ಬಿಡಲಿಲ್ಲ. ಇನ್ನೊಮ್ಮೆ ಬಟ್ಟಲಿನಲ್ಲಿ ಬೆರಳದ್ದಿ, ಅವಳ ಕೆನ್ನೆಯ ಹತ್ತಿರ ತಂದರು.

"ಕೂಡ್ರಿ, ಬೀಗರ. ನಿಂತ ಹಚ್ಚಿಸ್ಕೋಬಾರದು."

ಮಾಧುರಿ ಸರಕ್ಕನೆ ಎದ್ದು ತಾನು ಕೂತಿದ್ದ ಮಣೆಯನ್ನು ಮುಂದೆ ತಳ್ಳಿದಳು.